ಉಕ್ಕಿನ ಮೈಯಲ್ಲ, ಮುರಿಯುವ ಮೂಳೆ

2013ರ ಟೂರ್ ಡಿ ಫ್ರಾನ್ಸ್‌ನ ಮೊದಲ ದಿನವೇ, ಕಾರ್ಸಿಕಾ ದ್ವೀಪದಲ್ಲಿ, ವೇಲ್ಸ್‌ನ ಸೈಕಲ್ ಸವಾರ ಗೆರೈಂಟ್ ಥಾಮಸ್ ಬಿದ್ದರು. ಸೊಂಟದ ಮೂಳೆ ಬಿರುಕು ಬಿಟ್ಟಿತ್ತು. ಮುಂದಿನ ಕೆಲವು ದಿನ ಸೈಕಲ್ ಏರುವುದಕ್ಕೂ ಇನ್ನೊಬ್ಬರ ಆಸರೆ ಬೇಕಾಯಿತು. ಆದರೂ ಉಳಿದ 20 ಹಂತಗಳನ್ನು ಪೂರೈಸಿ, 140ನೆಯವರಾಗಿ ಪ್ಯಾರಿಸ್ ಮುಟ್ಟಿದರು. ಆ ವರ್ಷ ಗೆದ್ದದ್ದು ಅವರ ತಂಡದ ನಾಯಕ ಕ್ರಿಸ್ ಫ್ರೂಮ್. ಐದು ವರ್ಷಗಳ ನಂತರ, 2018ರಲ್ಲಿ, ಥಾಮಸ್ ಅವರೇ ಗೆದ್ದರು.

ಇಂಥ ಸುದ್ದಿ ಓದಿದಾಗ "ಅವರದು ಉಕ್ಕಿನ ಮೈ ಬಿಡಿ" ಎಂದು ಮಾತು ಮುಗಿಸುವವರೇ ಹೆಚ್ಚು. ಈ ಸವಾರರ ಬಗ್ಗೆ ನನಗೆ ಅಪಾರ ಗೌರವವಿದೆ, ಹಾಗಾಗಿಯೇ ಆ ಮಾತು ಒಪ್ಪಲು ಮನಸ್ಸಾಗುವುದಿಲ್ಲ. ಅವರ ಗಟ್ಟಿತನ ಇರುವ ಜಾಗವೇ ಬೇರೆ.

ತಪ್ಪು ಕಲ್ಪನೆ: ಅವರ ಮೂಳೆ ನಮ್ಮದಕ್ಕಿಂತ ಗಟ್ಟಿ

ವಾಸ್ತವ ಇದಕ್ಕೆ ತದ್ವಿರುದ್ಧ. ಓಡುವಾಗ, ಜಿಗಿಯುವಾಗ ನೆಲದ ಪೆಟ್ಟು ಮೂಳೆಗೆ ತಾಗುತ್ತದೆ, ಆ ಪೆಟ್ಟು ತಿಂದೇ ಮೂಳೆ ಬಲಿಯುತ್ತದೆ. ಸೈಕಲ್ ಮೇಲಾದರೆ ಮೈಭಾರ ಹೊರುವುದು ಸೀಟು. ವರ್ಷವಿಡೀ ದಿನಕ್ಕೆ ನಾಲ್ಕೈದು ಗಂಟೆ ಹೀಗೆ ಕೂತು ತುಳಿಯುವವರು, ಬೆಟ್ಟ ಹತ್ತಲೆಂದು ತೂಕವನ್ನೂ ಇಳಿಸಿಕೊಂಡಿರುತ್ತಾರೆ. ಹಾಗಾಗಿ ವೃತ್ತಿಪರ ಸವಾರರಲ್ಲಿ ಅನೇಕರ ಬೆನ್ನುಮೂಳೆಯ ಸಾಂದ್ರತೆ ಅದೇ ವಯಸ್ಸಿನ ಸಾಮಾನ್ಯರಿಗಿಂತ ಕಡಿಮೆ ಇರುತ್ತದೆ. ಬಿದ್ದರೆ ಕಾಲರ್‌ಬೋನ್ ಮುರಿಯುವುದು ಈ ಆಟದಲ್ಲಿ ದಿನನಿತ್ಯದ ಮಾತು. ಥಾಮಸ್ ಅವರ ಸಾಹಸದ ಗುಟ್ಟೂ ಇಲ್ಲೇ ಇದೆ. ನಡೆಯುವಾಗ ಇಡೀ ಮೈಭಾರ ಒಂದೊಂದೇ ಕಾಲಿನ ಮೇಲೆ ಬೀಳುತ್ತದೆ, ತುಳಿಯುವಾಗ ಹಾಗಿಲ್ಲ. ಕುಂಟುತ್ತಾ ನಡೆಯುವವನೂ ಕೆಲವು ಗಾಯಗಳಲ್ಲಿ ಸೈಕಲ್ ಓಡಿಸಬಲ್ಲ. ನೋವು ಮಾತ್ರ ಪೂರ್ತಿ ಅವನದೇ.

ತಪ್ಪು ಕಲ್ಪನೆ: ಅವರಿಗೆ ನೋವು ಗೊತ್ತಾಗುವುದಿಲ್ಲ

ಇಟಲಿಯ ಸೈಕಲ್ ಸ್ಪರ್ಧೆಯಾದ ಜಿರೊ ಡಿ ಇಟಾಲಿಯಾದ 1956ರ ಕಥೆ ಕೇಳಿ. ಅದನ್ನು ಆಗಲೇ ಮೂರು ಬಾರಿ ಗೆದ್ದಿದ್ದ ಫಿಯೊರೆಂಜೊ ಮಾನ್ಯಿ ಅವರಿಗೆ ಆಗ 35 ವರ್ಷ, ಅದೇ ಅವರ ಕೊನೆಯ ಜಿರೊ. ಇಳಿಜಾರಿನಲ್ಲಿ ಬಿದ್ದು ಎಡ ಕಾಲರ್‌ಬೋನ್ ಮುರಿಯಿತು. ಪ್ಲಾಸ್ಟರ್ ಬೇಡವೆಂದು ಬ್ಯಾಂಡೇಜ್ ಸುತ್ತಿಸಿಕೊಂಡು ಹೊರಟರು. ಕಡಿದಾದ ಏರಿನಲ್ಲಿ ಹ್ಯಾಂಡಲ್ ಅನ್ನು ಎರಡೂ ಕೈಯಿಂದ ಜಗ್ಗಿ ಹಿಡಿದರೆ ಮಾತ್ರ ಕಾಲಿಗೆ ಬಲ ಸಿಗುತ್ತದೆ, ಅವರ ಎಡಗೈಯಲ್ಲಿ ಆ ತ್ರಾಣ ಇರಲಿಲ್ಲ. ಆಗ ಮೆಕ್ಯಾನಿಕ್ ಒಂದು ದಾರಿ ಹುಡುಕಿದರು. ಟ್ಯೂಬಿನ ತುಂಡೊಂದನ್ನು ಹ್ಯಾಂಡಲ್‌ಗೆ ಕಟ್ಟಿದರು. ಅದರ ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಕೈಯ ಬದಲು ಕತ್ತಿನಿಂದ ಜಗ್ಗುತ್ತಾ ಮಾನ್ಯಿ ಏರು ಹತ್ತಿದರು. ಮುಂದೆ ಮತ್ತೆ ಬಿದ್ದು ಅದೇ ಎಡತೋಳಿನ ಮೂಳೆಯೂ ಮುರಿಯಿತು. ಸ್ಪರ್ಧೆ ಮಿಲಾನ್‌ನಲ್ಲಿ ಮುಗಿದಾಗ ಅವರು ಎರಡನೇ ಸ್ಥಾನದಲ್ಲಿದ್ದರು. ನೋವೇ ಗೊತ್ತಾಗದಿದ್ದರೆ ಆ ಟ್ಯೂಬು ಏಕೆ ಬೇಕಿತ್ತು? ನೋವಿನ ಅಳತೆ ಅವರಿಗೆ ಚೆನ್ನಾಗಿ ಗೊತ್ತಿತ್ತು, ಅದರ ಸುತ್ತ ದಾರಿ ಮಾಡಿಕೊಂಡರು.

ಇಷ್ಟು ಹಟ ಏಕೆ ಎಂದರೆ, ನಿಯಮವೇ ಹಾಗಿದೆ. ಫುಟ್‌ಬಾಲ್‌ನಲ್ಲಿ ಗಾಯಾಳುವಿನ ಬದಲು ಇನ್ನೊಬ್ಬ ಇಳಿಯುತ್ತಾನೆ. ಇಲ್ಲಿ ಬದಲಿ ಇಲ್ಲ. ಒಂದೇ ಒಂದು ದಿನ ಗುರಿ ಮುಟ್ಟದಿದ್ದರೂ, ಆ ದಿನದ ವಿಜೇತರಿಗಿಂತ ನಿಗದಿತ ಅವಧಿ ಮೀರಿ ತಡವಾದರೂ, ಸ್ಪರ್ಧೆಯಿಂದಲೇ ಹೊರಗೆ.

ತಪ್ಪು ಕಲ್ಪನೆ: ಎಲ್ಲವೂ ಮದ್ದಿನ ಮಹಿಮೆ

ಈ ಅನುಮಾನ ಗಾಳಿಯಿಂದ ಬಂದದ್ದಲ್ಲ. 2012ರಲ್ಲಿ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಅವರ ಏಳು ಟೂರ್ ಪ್ರಶಸ್ತಿಗಳನ್ನು ಕಿತ್ತುಕೊಳ್ಳಲಾಯಿತು, ಆ ಕಾಲದ ಮೋಸ ದೊಡ್ಡದು. ಆದರೆ ರಕ್ತದಲ್ಲಿ ಆಮ್ಲಜನಕ ಹೆಚ್ಚಿಸುವ ಮದ್ದು ಮುರಿದ ಮೂಳೆ ಕೂಡಿಸುವುದಿಲ್ಲ. ಟ್ರಮಡಾಲ್‌ನಂಥ ಪ್ರಬಲ ನೋವುನಿವಾರಕವನ್ನು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2019ರಿಂದಲೇ ಸ್ಪರ್ಧೆಗಳಲ್ಲಿ ನಿಷೇಧಿಸಿದೆ.

ತಪ್ಪು ಕಲ್ಪನೆ: ಗುಂಪಿನೊಳಗೆ ಸೇರಿಕೊಂಡರೆ ಆರಾಮ

ಅರ್ಧ ಸತ್ಯ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 121 ಸವಾರರ ಗುಂಪಿನ ಮಾದರಿಯನ್ನು ಗಾಳಿ ಸುರಂಗದಲ್ಲಿಟ್ಟು ಅಳೆದಾಗ, ಗುಂಪಿನ ಹಿಂಭಾಗದ ನಡುವಿನಲ್ಲಿರುವವರಿಗೆ ತಾಗುವ ಗಾಳಿಯ ತಡೆ ಒಂಟಿ ಸವಾರನದರ ಶೇ 10ಕ್ಕಿಂತಲೂ ಕೆಳಗಿಳಿದಿತ್ತು. ಆದರೆ ಆಲ್ಪ್ಸ್, ಪಿರನೀಸ್ ಪರ್ವತಗಳ ಏರಿನಲ್ಲಿ ವೇಗ ತಗ್ಗಿದಂತೆ ಈ ಲಾಭವೂ ಕರಗುತ್ತದೆ. ಅಲ್ಲಿ ಪ್ರತಿಯೊಬ್ಬನೂ ತನ್ನ ತೂಕವನ್ನು ತಾನೇ ಎತ್ತಬೇಕು. ಟೂರ್ ಎಂದರೆ ಮೂರು ವಾರ, 21 ಹಂತ, ಸುಮಾರು 3,400 ಕಿ.ಮೀ., ನಡುವೆ ವಿಶ್ರಾಂತಿ ಎರಡೇ ದಿನ. ಪರ್ವತದ ದಿನಗಳಲ್ಲಿ ಒಬ್ಬ ಸವಾರ 6,000 ಕ್ಯಾಲೊರಿಗೂ ಹೆಚ್ಚು ಸುಡುತ್ತಾನೆ. ಅದಕ್ಕೇ ಬೆಳಗಿನ ತಿಂಡಿಗೇ ಬಿಳಿ ಅನ್ನ, ಜೊತೆಗೆ ಆಮ್ಲೆಟ್. ದಾರಿಯಲ್ಲಿ ಗಂಟೆಗೆ 90 ಗ್ರಾಂ ಅಥವಾ ಇನ್ನೂ ಹೆಚ್ಚು ಸಕ್ಕರೆ, ಪಿಷ್ಟ ಹೊಟ್ಟೆಗೆ ಹೋಗಬೇಕು. ಇಷ್ಟನ್ನು ಅರಗಿಸಿಕೊಳ್ಳಲು ತಿಂಗಳುಗಟ್ಟಲೆ ಹೊಟ್ಟೆಯನ್ನೂ ಪಳಗಿಸುತ್ತಾರೆ. ತಿನ್ನಲಾಗದವನು ಎಷ್ಟೇ ಛಲಗಾರನಾದರೂ ಮೂರನೇ ವಾರ ನೋಡುವುದಿಲ್ಲ.

ಇಷ್ಟೆಲ್ಲ ದಣಿದ ಹೃದಯ ಬೇಗ ಸೋಲುತ್ತದೆ ಎಂಬ ಮಾತೂ ನಿಲ್ಲುವುದಿಲ್ಲ. 1947ರಿಂದ 2012ರವರೆಗೆ ಟೂರ್ ಓಡಿದ ಫ್ರೆಂಚ್ ಸವಾರರನ್ನು ಪರಿಶೀಲಿಸಿದ ಅಧ್ಯಯನದಲ್ಲಿ, ಅವರ ಮರಣ ಪ್ರಮಾಣ ಫ್ರಾನ್ಸ್‌ನ ಇತರ ಗಂಡಸರಿಗಿಂತ ಶೇ 41ರಷ್ಟು ಕಡಿಮೆ ಇತ್ತು.

ತಪ್ಪು ಕಲ್ಪನೆ: ಬಿದ್ದ ಕೂಡಲೇ ಎದ್ದು ಹೊರಡುವವನೇ ಗಂಡೆದೆಯವನು

ಎಲ್ಲಕ್ಕಿಂತ ಅಪಾಯದ ನಂಬಿಕೆ ಇದು. 2017ರ ಕ್ಯಾಲಿಫೋರ್ನಿಯಾ ಸ್ಪರ್ಧೆಯಲ್ಲಿ ಲಾಟ್ವಿಯಾದ ಟೋಮ್ಸ್ ಸ್ಕುಯಿನ್ಶ್ ಬಿದ್ದೆದ್ದು, ಕಾಲು ನಿಲ್ಲದೆ ತೂರಾಡುತ್ತಾ ರಸ್ತೆಗೆ ನುಗ್ಗಿದರು. ಹಿಂದಿನಿಂದ ರಭಸವಾಗಿ ಬರುತ್ತಿದ್ದ ಸವಾರರು ಕೂದಲೆಳೆಯಲ್ಲಿ ತಪ್ಪಿಸಿಕೊಂಡು ಹೋದರು. ಆ ಸ್ಥಿತಿಯಲ್ಲೇ ಅವರನ್ನು ಮತ್ತೆ ಸೈಕಲ್ ಹತ್ತಿಸಲಾಯಿತು. ಮೆದುಳು ಅಲುಗಿದವನಿಗೆ ತನಗೇನಾಗಿದೆ ಎಂಬುದೇ ತಿಳಿಯುವುದಿಲ್ಲ, ಅವನ ನಿರ್ಧಾರವನ್ನು ಶೌರ್ಯ ಎನ್ನಲಾಗದು. 2021ರಿಂದ ಜಾರಿಗೆ ಬಂದ ಒಕ್ಕೂಟದ ನಿಯಮದಂತೆ, ಮೆದುಳಿಗೆ ಪೆಟ್ಟಾದ ಅನುಮಾನವಿದ್ದರೆ ಸವಾರನನ್ನು ಅಲ್ಲೇ ತಡೆಯಬೇಕು.

ನಮ್ಮ ವಿಜಯಪುರ, ಬಾಗಲಕೋಟೆ ಕಡೆಯ ಎಷ್ಟೋ ಹುಡುಗ ಹುಡುಗಿಯರು ರಾಷ್ಟ್ರಮಟ್ಟದ ಸೈಕ್ಲಿಂಗ್‌ನಲ್ಲಿ ಹೆಸರು ಮಾಡಿದ್ದಾರೆ, ಇನ್ನೂ ಬರುವವರಿದ್ದಾರೆ. ಅವರ ತರಬೇತುದಾರರಲ್ಲಿ, ತಂದೆತಾಯಿಯರಲ್ಲಿ ಒಂದು ವಿನಂತಿ: ಮಂಡಿ ತರಚಿದರೆ ಬೆನ್ನು ತಟ್ಟಿ ಕಳಿಸಿ. ತಲೆಗೆ ಪೆಟ್ಟಾಗಿದ್ದರೆ, ಮಗು ಎಷ್ಟೇ ಹಟ ಮಾಡಲಿ, ಸೈಕಲ್ ಕಸಿದುಕೊಂಡು ಮೊದಲು ಡಾಕ್ಟರ ಹತ್ತಿರ ಕರೆದೊಯ್ಯಿರಿ.