ಹಲ್ಲಿನ ಡಾಕ್ಟರ ಕೋಣೆಗೆ ತಪಾಸಣೆ ಬಂದ ದಾರಿ

ಇಂಗ್ಲೆಂಡಿನಲ್ಲಿ ಹಲ್ಲಿನ ಕ್ಲಿನಿಕ್‌ಗಳ ತಪಾಸಣೆಗೆ ಹೋಗುವವರು ಹೊಳೆಯುವ ನೆಲಕ್ಕೂ ಹೊಸ ಕುರ್ಚಿಗೂ ಮರುಳಾಗುವುದಿಲ್ಲ. ಉಪಕರಣ ತೊಳೆಯುವ ಜಾಗ ಎಲ್ಲಿದೆ ಎಂದು ಕೇಳುತ್ತಾರೆ. ಹಬೆಯಿಂದ ಉಪಕರಣ ಶುದ್ಧಿ ಮಾಡುವ ಆಟೋಕ್ಲೇವ್ ಯಂತ್ರದ ರಿಜಿಸ್ಟರ್ ತೆಗೆಸಿ, ಉಷ್ಣಾಂಶ ಎಷ್ಟಕ್ಕೆ ಏರಿತ್ತು, ಎಷ್ಟು ಹೊತ್ತು ನಿಂತಿತ್ತು ಎಂದು ನೋಡುತ್ತಾರೆ. ತುರ್ತು ಔಷಧಿ ಪೆಟ್ಟಿಗೆ ತೆರೆಸಿ ಅಡ್ರಿನಲಿನ್ ಅವಧಿ ಮುಗಿದಿದೆಯೇ, ಆಕ್ಸಿಜನ್ ಸಿಲಿಂಡರ್ ತುಂಬಿದೆಯೇ, ಡಿಫಿಬ್ರಿಲೇಟರ್ ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಎಕ್ಸ್‌ರೇ ಯಂತ್ರದ ಸರ್ವಿಸ್ ಕಾಗದ, ಸಿಬ್ಬಂದಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿದ ದಾಖಲೆ, ರೋಗಿಗಳ ದೂರಿನ ಕಡತ, ಎಲ್ಲವೂ ಮೇಜಿಗೆ ಬರಬೇಕು. ಕೊನೆಗೆ ಅವರು ಉತ್ತರ ಬರೆಯಬೇಕಾದ ಪ್ರಶ್ನೆಗಳು ಐದು: ಇಲ್ಲಿ ರೋಗಿ ಸುರಕ್ಷಿತವೇ? ಚಿಕಿತ್ಸೆ ಫಲ ಕೊಡುತ್ತಿದೆಯೇ? ಅಕ್ಕರೆ ಇದೆಯೇ? ರೋಗಿಯ ಅಗತ್ಯಕ್ಕೆ ಸ್ಪಂದಿಸುತ್ತಾರೆಯೇ? ಆಡಳಿತ ನೆಟ್ಟಗಿದೆಯೇ?

ಈ ಕೆಲಸಕ್ಕೆ ಹೊರಗಿನವರು ಯಾಕೆ ಬೇಕು? ಹೋಟೆಲಿನಲ್ಲಿ ಅನ್ನ ಹಳಸಿದ್ದರೆ ಮೂಗಿಗೆ ಗೊತ್ತಾಗುತ್ತದೆ. ಬಾಯೊಳಗೆ ಬರುವ ಪುಟ್ಟ ಕನ್ನಡಿ ಹಿಂದಿನ ರೋಗಿಯಿಂದ ನಮ್ಮ ತನಕ ಹೇಗೆ ಬಂತು ಎಂಬುದು ಮಲಗಿದವರಿಗೆ ತಿಳಿಯುವ ದಾರಿಯೇ ಇಲ್ಲ. ನಮ್ಮ ಪರವಾಗಿ ಯಾರಾದರೂ ನೋಡಲೇಬೇಕು. ಈ ಸರಳ ವಿಷಯ ಸರ್ಕಾರಗಳಿಗೆ ಹೊಳೆಯಲು ಬಹಳ ವರ್ಷ ಹಿಡಿಯಿತು.

ಸಾಧನಗಳ ಕೊರತೆಯಿಂದ ತಡವಾದದ್ದಲ್ಲ. ಫ್ರಾನ್ಸಿನ ಚಾರ್ಲ್ಸ್ ಶಾಂಬರ್ಲಾಂಡ್ ಆಟೋಕ್ಲೇವ್ ರೂಪಿಸಿದ್ದು 1879ರಲ್ಲಿ. ಅದಾಗಿ ನೂರು ವರ್ಷ ಕಳೆದ ಮೇಲೂ ಬಹುಪಾಲು ದಂತವೈದ್ಯರು ಬರಿಗೈಯಲ್ಲೇ ರೋಗಿಯ ಬಾಯಿಗೆ ಕೈ ಹಾಕುತ್ತಿದ್ದರು. ಹೆಪಟೈಟಿಸ್ ಬಿ ಸಾಮಾನ್ಯ ಜನರಿಗಿಂತ ಹಲವು ಪಟ್ಟು ಹೆಚ್ಚಾಗಿ ಅವರನ್ನೇ ಕಾಡುತ್ತಿತ್ತು. ಏಡ್ಸ್ ಬಂದಾಗ ದಂತವೈದ್ಯ ಲೋಕ ನಿಜವಾಗಿ ಬೆಚ್ಚಿತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ ಹಲ್ಲಿನ ಚಿಕಿತ್ಸೆಗೆಂದೇ ಸೋಂಕು ತಡೆಯ ಶಿಫಾರಸುಗಳನ್ನು 1986ರಲ್ಲಿ ಕೊಟ್ಟಿತು. ಆದರೆ ಶಿಫಾರಸು ಕಾನೂನಲ್ಲವಲ್ಲ.

ಮುಂದಿನ ಹೆಜ್ಜೆಯ ಹಿಂದೆ ಕಿಂಬರ್ಲಿ ಬರ್ಗಾಲಿಸ್ ಎಂಬ ಹುಡುಗಿ ಇದ್ದಾಳೆ. ಫ್ಲಾರಿಡಾದ ಈ ವಿದ್ಯಾರ್ಥಿನಿ 1987ರ ಡಿಸೆಂಬರ್‌ನಲ್ಲಿ ಎರಡು ದವಡೆ ಹಲ್ಲು ಕೀಳಿಸಿಕೊಂಡಳು. ಆಗ ಅವಳಿಗೆ 19 ವರ್ಷ. ಮುಂದೆ ಅವಳಲ್ಲಿ ಏಡ್ಸ್ ಕಾಣಿಸಿಕೊಂಡಿತು. ಹಲ್ಲು ಕಿತ್ತ ವೈದ್ಯರಿಗೂ ಎಚ್‌ಐವಿ ಇತ್ತು. ಇಬ್ಬರ ವೈರಸ್‌ಗಳನ್ನು ಆನುವಂಶಿಕವಾಗಿ ಹೋಲಿಸಿ ನೋಡಿದಾಗ ತಾಳೆಯಾಯಿತು. 1990ರ ಜುಲೈನಲ್ಲಿ ಸಿಡಿಸಿ ಪ್ರಕರಣವನ್ನು ಪ್ರಕಟಿಸಿತು. ಅದೇ ಕ್ಲಿನಿಕ್ಕಿಗೆ ಹೋಗಿದ್ದ ಇನ್ನೂ ಐವರಲ್ಲಿ ಇಂಥದೇ ನಂಟು ಸಿಕ್ಕಿತು. ಸೋಂಕು ದಾಟಿದ್ದು ವೈದ್ಯರ ಕೈಯಿಂದಲೋ ಸರಿಯಾಗಿ ಶುದ್ಧಿಯಾಗದ ಉಪಕರಣದಿಂದಲೋ ಎಂಬುದು ಕೊನೆಗೂ ಬಗೆಹರಿಯಲಿಲ್ಲ. ಆರೋಗ್ಯ ಸಿಬ್ಬಂದಿಗೆ ಕಡ್ಡಾಯ ಎಚ್‌ಐವಿ ಪರೀಕ್ಷೆ ಬೇಕೆಂದು ಕೇಳಲು ಕಿಂಬರ್ಲಿ 1991ರ ಸೆಪ್ಟೆಂಬರ್‌ನಲ್ಲಿ, ಎದ್ದು ನಿಲ್ಲಲೂ ತ್ರಾಣವಿಲ್ಲದ ಸ್ಥಿತಿಯಲ್ಲಿ, ಅಮೆರಿಕದ ಸಂಸತ್ತಿನ ಮುಂದೆ ಬಂದಳು. ಡಿಸೆಂಬರ್‌ನಲ್ಲಿ ತೀರಿಕೊಂಡಳು. ಅದೇ ತಿಂಗಳು ಅಲ್ಲಿನ ಕಾರ್ಮಿಕ ಸುರಕ್ಷತಾ ಇಲಾಖೆ ರಕ್ತದಿಂದ ಹರಡುವ ರೋಗಗಳ ಕುರಿತು ನಿಯಮ ಹೊರಡಿಸಿ, ಗ್ಲೌಸು, ಮಾಸ್ಕು, ಸಿಬ್ಬಂದಿಗೆ ಉಚಿತ ಲಸಿಕೆ ಎಲ್ಲವನ್ನೂ ಕಾನೂನಾಗಿಸಿತು.

ಅವಳು ಕೇಳಿದ್ದು ಒಂದು, ಜಗತ್ತು ಆರಿಸಿಕೊಂಡದ್ದು ಇನ್ನೊಂದು. ಯಾರ ರಕ್ತದಲ್ಲಿ ಏನಿದೆ ಎಂದು ಹುಡುಕುವುದು ಬೇಡ, ಎಲ್ಲರ ರಕ್ತದಲ್ಲೂ ಸೋಂಕು ಇರಬಹುದೆಂದೇ ಪ್ರತಿ ಸಲವೂ ನಡೆದುಕೊಳ್ಳಬೇಕು ಎಂಬ ನೀತಿ ಗಟ್ಟಿಯಾಯಿತು. ಇದೇ ಸರಿಯಾದ ದಾರಿ ಎಂಬುದು ನನ್ನ ನಂಬಿಕೆ. ಎಚ್‌ಐವಿ ಇರುವವರನ್ನು ಬಾಗಿಲಲ್ಲೇ ತಡೆಯುವ ಕ್ಲಿನಿಕ್ ಇಂದಿಗೂ ಎಲ್ಲಾದರೂ ಇದ್ದರೆ, ಅದು ಕ್ರೂರವಷ್ಟೇ ಅಲ್ಲ, ತನ್ನ ಉಪಕರಣ ಶುದ್ಧಿಯ ಮೇಲೆ ತನಗೇ ನಂಬಿಕೆಯಿಲ್ಲ ಎಂದು ಒಪ್ಪಿಕೊಂಡಂತೆ.

ಹಲ್ಲು ಕೊರೆಯುವ ಹ್ಯಾಂಡ್‌ಪೀಸ್‌ನ ಕಡೆಗೆ ಗಮನ ಹರಿದದ್ದೂ ಈ ಕಾಲದಲ್ಲೇ. ಗಾಳಿಯ ಒತ್ತಡದಿಂದ ತಿರುಗುವ ಈ ಯಂತ್ರ 1957ರಿಂದ ಬಳಕೆಗೆ ಬಂತು. ತಿರುಗುವುದು ನಿಂತ ಕ್ಷಣ ಬಾಯೊಳಗಿನ ಎಂಜಲು, ರಕ್ತವನ್ನು ಅದು ತನ್ನ ಒಡಲಿಗೆ ಎಳೆದುಕೊಳ್ಳಬಹುದು. ಹೊರಗಿನಿಂದ ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿದರೆ ಒಳಗಿನದು ಹೋದೀತೇ? ಪ್ರತಿ ರೋಗಿಯ ನಂತರ ಇದನ್ನೂ ಶಾಖದಲ್ಲಿ ಶುದ್ಧಿ ಮಾಡಬೇಕೆಂದು 1993ರ ಸಿಡಿಸಿ ಮಾರ್ಗಸೂಚಿ ಹೇಳಿತು. ಟೊಳ್ಳು ಉಪಕರಣದೊಳಗೆ ಗಾಳಿ ಸಿಕ್ಕಿಕೊಂಡರೆ ಹಬೆ ಅಲ್ಲಿಗೆ ಮುಟ್ಟುವುದಿಲ್ಲ. ಅದಕ್ಕೇ ಮೊದಲು ಗಾಳಿ ಹೀರಿ ತೆಗೆದು, ಆಮೇಲೆ 134 ಡಿಗ್ರಿ ಸೆಲ್ಸಿಯಸ್ ಹಬೆಯನ್ನು ಕನಿಷ್ಠ ಮೂರು ನಿಮಿಷ ಹಿಡಿದಿಡುವ ವ್ಯಾಕ್ಯೂಮ್ ಆಟೋಕ್ಲೇವ್ ಬೇಕು.

ಬ್ರಿಟನ್ನಿಗೆ ಹುಚ್ಚು ಹಸು ರೋಗದ ಹೆದರಿಕೆಯೂ ಸೇರಿತು. ಅದರ ಮೂಲವಾದ ಪ್ರಿಯಾನ್ ಎಂಬ ಪ್ರೋಟೀನು ಮಾಮೂಲಿ ಆಟೋಕ್ಲೇವ್‌ಗೂ ಪೂರ್ತಿ ಬಗ್ಗುವುದಿಲ್ಲ. ಹಾಗಾಗಿ ರೂಟ್ ಕೆನಾಲ್ ಫೈಲು ಎಂಬ ಸೂಜಿಯಂಥ ಉಪಕರಣಗಳನ್ನು ಒಂದೇ ಸಲ ಬಳಸಿ ಎಸೆಯಿರಿ ಎಂಬ ಸೂಚನೆ 2007ರಲ್ಲಿ ಹೋಯಿತು. ಮರುವರ್ಷ ಶುದ್ಧೀಕರಣದ ವಿವರವಾದ ಕೈಪಿಡಿ ಬಂತು. 2009ರಲ್ಲಿ ಕೆಲಸ ಆರಂಭಿಸಿದ ತಪಾಸಣಾ ಸಂಸ್ಥೆ ಕೇರ್ ಕ್ವಾಲಿಟಿ ಕಮಿಷನ್, 2011ರ ಏಪ್ರಿಲ್‌ನಿಂದ ಇಂಗ್ಲೆಂಡಿನ ಹಲ್ಲಿನ ಕ್ಲಿನಿಕ್‌ಗಳನ್ನೂ ತನ್ನ ನೋಂದಣಿಗೆ ತಂದಿತು. ತಪಾಸಕರ ಜೊತೆ ಸಾಮಾನ್ಯವಾಗಿ ದಂತವೈದ್ಯ ಸಲಹೆಗಾರರೊಬ್ಬರು ಇರುತ್ತಾರೆ. ವರದಿಯನ್ನು ಯಾರು ಬೇಕಾದರೂ ಓದಬಹುದು.

ಇಷ್ಟೆಲ್ಲ ಇದ್ದೂ 2014ರಲ್ಲಿ ನಾಟಿಂಗ್‌ಹ್ಯಾಮ್ ಬಳಿಯ ಒಂದು ಕ್ಲಿನಿಕ್ಕಿನ ಸುಮಾರು 22,000 ರೋಗಿಗಳಿಗೆ, ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ ಎಂಬ ಕರೆ ಹೋಯಿತು. ಒಬ್ಬ ರೋಗಿಗೂ ಇನ್ನೊಬ್ಬರಿಗೂ ನಡುವೆ ಗ್ಲೌಸು ಬದಲಿಸದ, ಉಪಕರಣ ಶುದ್ಧಿ ಮಾಡದ ನಡವಳಿಕೆಯನ್ನು ಯಾರೋ ಗುಟ್ಟಾಗಿ ವಿಡಿಯೊ ಮಾಡಿದ್ದರಿಂದ ವಿಷಯ ಬಯಲಾಯಿತು. ಮೊದಲೇ ಹೇಳಿ ಹೋಗುವ ತಪಾಸಣೆಯ ಮಿತಿ ಇಲ್ಲಿದೆ. ರಿಜಿಸ್ಟರ್ ಕಾಣುತ್ತದೆ, ಎರಡು ರೋಗಿಗಳ ನಡುವಿನ ಐದು ನಿಮಿಷ ಕಾಣುವುದಿಲ್ಲ. ಒಳಗಿನ ನೌಕರರು ಭಯವಿಲ್ಲದೆ ದೂರು ಕೊಡುವ ಏರ್ಪಾಡು ಇಲ್ಲಿ ಇದೆಯೇ ಎಂದು ತಪಾಸಕರು ಕೇಳುವುದು ಇದಕ್ಕಾಗಿಯೇ.

ನಮಗೆ ಹತ್ತಿರದ ಪಾಠ ವಾಣಿಯಂಬಾಡಿಯದು. ಬೆಂಗಳೂರಿನಿಂದ ಚೆನ್ನೈ ರೈಲು ಹಿಡಿದವರಿಗೆ ಗೊತ್ತಿರುವ ಊರು. 2022–23ರಲ್ಲಿ ಉತ್ತರ ತಮಿಳುನಾಡಿನಲ್ಲಿ ಮಿದುಳಿಗೆ ತಗಲುವ ಮೆಲಿಯಾಯ್ಡೋಸಿಸ್ ಎಂಬ ಬ್ಯಾಕ್ಟೀರಿಯಾ ಸೋಂಕು ಕಾಣಿಸಿಕೊಂಡಾಗ, ವೈದ್ಯರು ಜಾಡು ಹಿಡಿದು ಅಲ್ಲಿನ ಒಂದು ಹಲ್ಲಿನ ಕ್ಲಿನಿಕ್ಕಿಗೆ ಬಂದರು. ಅಲ್ಲಿಗೆ ನಂಟಿದ್ದ ಹತ್ತು ರೋಗಿಗಳಲ್ಲಿ ಎಂಟು ಮಂದಿ ಸತ್ತರು. ಅಧ್ಯಯನ 2025ರಲ್ಲಿ ಪ್ರಕಟವಾಯಿತು. ಸಲೈನ್ ಬಾಟಲಿಯ ಮುಚ್ಚಳವನ್ನು ಹಲ್ಲಿನ ಶಸ್ತ್ರಚಿಕಿತ್ಸೆಯ ಉಪಕರಣದಿಂದಲೇ ತೆರೆದು, ಸಡಿಲವಾಗಿ ಮುಚ್ಚಿಟ್ಟು, ಮತ್ತೆ ಮತ್ತೆ ಬಳಸಿದ್ದರು ಎಂಬುದು ಅದರಲ್ಲಿ ಬೆಳಕಿಗೆ ಬಂತು. ಈ ಬ್ಯಾಕ್ಟೀರಿಯಾ ಇರುವುದು ಮಣ್ಣು ನೀರಿನಲ್ಲಿ. ನಮ್ಮ ಕರಾವಳಿಗೂ ಅದು ಹೊಸದಲ್ಲ, ಮಣಿಪಾಲದ ವೈದ್ಯರು ಈ ರೋಗವನ್ನು ಬಹಳ ಕಾಲದಿಂದ ನೋಡುತ್ತಿದ್ದಾರೆ.

ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ. ಹಲ್ಲಿನ ಕ್ಲಿನಿಕ್ಕೂ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರದಲ್ಲಿ ನೋಂದಣಿಯಾಗಬೇಕು, ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಈ ಕಾಯ್ದೆಯಡಿ ಸಿಗುವ ಕೆಪಿಎಂಇ ಸಂಖ್ಯೆ ಗೋಡೆಯ ಮೇಲೆ ಕಾಣುತ್ತದೆ. ತಪಾಸಣೆಗೆ ಬಂದವರು ಏನು ನೋಡಿದರು, ಏನು ಸರಿಪಡಿಸಲು ಹೇಳಿದರು ಎಂಬುದನ್ನು ರೋಗಿ ಓದುವಂತೆ ಹಾಕುವ ರೂಢಿ ಮಾತ್ರ ಬೆಳೆದಿಲ್ಲ. ತಾಲ್ಲೂಕು ಕೇಂದ್ರದಲ್ಲಿ ಒಬ್ಬರೇ ನಡೆಸುವ ಕ್ಲಿನಿಕ್ಕಿಗೆ ಒಳ್ಳೆಯ ಆಟೋಕ್ಲೇವ್, ಸಾಕಷ್ಟು ಹ್ಯಾಂಡ್‌ಪೀಸ್ ಇಟ್ಟುಕೊಳ್ಳುವುದು ದೊಡ್ಡ ಖರ್ಚು ಎಂಬುದು ನಿಜ. ಆ ಖರ್ಚು ಮಾಡಿ ನಿಯತ್ತಿನಿಂದ ನಡೆಸುತ್ತಿರುವವರಿಗೂ ಅದನ್ನು ರೋಗಿಗೆ ತೋರಿಸುವ ಅವಕಾಶ ಬೇಕಲ್ಲವೇ? ತಪಾಸಣೆಯ ದಿನಾಂಕ, ಕಂಡ ಕೊರತೆ, ಅದನ್ನು ಸರಿಪಡಿಸಲು ಕೊಟ್ಟ ಗಡುವು, ಇವು ಮೂರನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಅಚ್ಚು ಮಾಡಿ ಕೆಪಿಎಂಇ ಸಂಖ್ಯೆಯ ಪಕ್ಕದಲ್ಲೇ ಅಂಟಿಸಬೇಕೆಂದು ಸರ್ಕಾರ ಆದೇಶಿಸಲಿ.