ಮೊಬೈಲ್ ಕವರ್: ಅಲಂಕಾರದ ವಸ್ತುವಲ್ಲ, ವ್ಯವಹಾರದ ರಕ್ಷಣೆ

ಒಂದು ಕಾಲದಲ್ಲಿ ವ್ಯಾಪಾರಿಯ ಆಸ್ತಿ ಎಂದರೆ ಗಲ್ಲಾಪೆಟ್ಟಿಗೆ, ತಕ್ಕಡಿ ಮತ್ತು ಖಾತೆ ಪುಸ್ತಕ. ಇಂದು ಈ ಮೂರರ ಬಹುಪಾಲು ಕೆಲಸವನ್ನು ಅಂಗೈಯಗಲದ ಒಂದು ಉಪಕರಣ ನಿರ್ವಹಿಸುತ್ತಿದೆ. 2016ರಲ್ಲಿ ಯುಪಿಐ ವ್ಯವಸ್ಥೆ ಜಾರಿಗೆ ಬಂದ ಮೇಲೆ ಗಿರಾಕಿಯ ಹಣ ಬರುವುದು ಮೊಬೈಲಿಗೆ. ಮಾಲಿನ ಬೇಡಿಕೆ ಬರುವುದು ಮೊಬೈಲಿಗೆ. ಬ್ಯಾಂಕಿನ ಒಟಿಪಿ, ಜಿಎಸ್‌ಟಿಯ ಒಟಿಪಿ, ಸಾಗಣೆಯ ಇ-ವೇ ಬಿಲ್ಲಿನ ವಿವರ, ಎಲ್ಲವೂ ಮೊಬೈಲಿನಲ್ಲಿಯೇ. ತಿಜೋರಿಗೆ ಬೀಗ ಹಾಕದೆ ಮಲಗದ ನಾವು ಈ ಉಪಕರಣಕ್ಕೆ ಮಾತ್ರ ರಸ್ತೆ ಬದಿಯಲ್ಲಿ ಕೈಗೆ ಸಿಕ್ಕಿದ, ಬಣ್ಣ ಚೆಂದವಿರುವ ಕವರ್ ಹಾಕಿ ತೃಪ್ತರಾಗುತ್ತೇವೆ.

ಈ ಮಾತನ್ನು ಸ್ವಾನುಭವದಿಂದಲೇ ಹೇಳುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ತಿಂಗಳ 20ನೆಯ ತಾರೀಖು, ಅಂದರೆ ಜಿಎಸ್‌ಟಿಆರ್-3ಬಿ ಸಲ್ಲಿಸುವ ಕೊನೆಯ ದಿನ, ಸಂಜೆ ಗೋದಾಮಿನಲ್ಲಿ ಮೂಟೆ ಎಣಿಸುತ್ತಿದ್ದಾಗ ಅಂಗಿಯ ಜೇಬಿನಿಂದ ಫೋನ್ ಜಾರಿ ಶಹಾಬಾದ್ ಕಲ್ಲಿನ ನೆಲಕ್ಕೆ ಬಿತ್ತು. ಫೋನ್ ಸತ್ತಿರಲಿಲ್ಲ, ಕರೆ ಬಂದಾಗ ಸದ್ದು ಮಾಡುತ್ತಿತ್ತು, ಸಂದೇಶ ಬಂದಾಗ ಕಂಪಿಸುತ್ತಿತ್ತು. ಆದರೆ ಪರದೆ ಪೂರ್ಣ ಕಪ್ಪಾಗಿತ್ತು. ಒಟಿಪಿ ಬಂದದ್ದು ಕಿವಿಗೆ ಕೇಳಿಸಿತು, ಕಣ್ಣಿಗೆ ಕಾಣಿಸಲಿಲ್ಲ. ಇ-ಮೇಲ್ ತೆರೆಯುವುದೂ ಅದೇ ಫೋನಿನಲ್ಲಿ. ಪತ್ರ ಸಲ್ಲಿಕೆ ಎರಡು ದಿನ ತಡವಾಯಿತು. ದಿನಕ್ಕೆ 50 ರೂಪಾಯಿಯ ವಿಳಂಬ ಶುಲ್ಕ ದೊಡ್ಡದಲ್ಲ; ಆದರೆ ಆ ಎರಡು ದಿನ ಬಂದ ಬೇಡಿಕೆಗಳು ಯಾರವು, ಎಷ್ಟು ಎಂಬುದು ತಿಳಿಯದೆ ಒಬ್ಬ ಹಳೆಯ ಗಿರಾಕಿ ಬೇರೆ ಅಂಗಡಿಗೆ ಹೋದರು, ಮರಳಿ ಬರಲಿಲ್ಲ. ಆ ಫೋನಿಗೂ ಕವರ್ ಇತ್ತು. ಆದರೆ ಅದು ಹೆಸರಿಗೆ ಮಾತ್ರ ಕವರ್ ಆಗಿತ್ತು. ಆದ್ದರಿಂದ ಕವರಿನ ಆಯ್ಕೆಯಲ್ಲಿ ಗಮನಿಸತಕ್ಕ ಅಂಶಗಳನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಫೋನ್ ಒಡೆಯುವುದು ಹೇಗೆ?

ಎದೆಯೆತ್ತರದಿಂದ, ಎಂದರೆ ಸುಮಾರು 1.2 ಮೀಟರಿನಿಂದ ಬಿದ್ದ ಫೋನ್ ಅರ್ಧ ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. ಆಗ ಅದರ ವೇಗ ಗಂಟೆಗೆ ಸುಮಾರು 17 ಕಿಲೋಮೀಟರ್. ಫೋನನ್ನು ಒಡೆಯುವುದು ಈ ವೇಗವಲ್ಲ, ಆ ವೇಗ ಎಷ್ಟು ಅಲ್ಪ ದೂರದಲ್ಲಿ ನಿಲ್ಲುತ್ತದೆ ಎಂಬುದು. ಬಿದ್ದ ಎತ್ತರವನ್ನು ನಿಲ್ಲಲು ತೆಗೆದುಕೊಂಡ ದೂರದಿಂದ ಭಾಗಿಸಿದರೆ, ತನ್ನ ತೂಕದ ಎಷ್ಟು ಪಟ್ಟು ಹೊಡೆತ ಫೋನಿಗೆ ತಗಲಿತು ಎಂಬುದರ ಸ್ಥೂಲ ಲೆಕ್ಕ ಸಿಗುತ್ತದೆ. 200 ಗ್ರಾಂ ತೂಕದ ಫೋನ್ ಕಲ್ಲಿನ ಮೇಲೆ ಬಿದ್ದು 1 ಮಿಲಿಮೀಟರಿನಲ್ಲಿ ನಿಂತರೆ ಅದು 1,200 ಪಟ್ಟು, ಅಂದರೆ 240 ಕಿಲೋ ಭಾರ ಹೇರಿದಂತೆ. ಮೆತ್ತನೆಯ ಕವರ್ ಅಮುಕಿಕೊಂಡು 3 ಮಿಲಿಮೀಟರ್ ದೂರ ಒದಗಿಸಿದರೆ ಅದೇ ಹೊಡೆತ 80 ಕಿಲೋಗೆ ಇಳಿಯುತ್ತದೆ. ಕವರಿನ ವಿದ್ಯೆಯೆಲ್ಲ ಈ ಎರಡು ಮಿಲಿಮೀಟರಿನಲ್ಲಿದೆ.

ಇನ್ನೊಂದು ಸಂಗತಿ. ಫೋನ್ ಚಪ್ಪಟೆಯಾಗಿ ಬೀಳುವುದಕ್ಕಿಂತ ಮೂಲೆಯ ಮೇಲೆ ಬಿದ್ದರೆ ಹಾನಿ ಹೆಚ್ಚು; ಪೂರ್ತಿ ಹೊಡೆತ ಒಂದೇ ಬಿಂದುವಿನಲ್ಲಿ ಸೇರಿ ಅಲ್ಲಿಂದ ಗಾಜಿಗೆ ಬಿರುಕು ಹರಡುತ್ತದೆ. ಆದ್ದರಿಂದ ಕವರಿನ ಬೆನ್ನು ಎಷ್ಟು ದಪ್ಪವಾಗಿದೆ ಎಂಬುದಕ್ಕಿಂತ ನಾಲ್ಕು ಮೂಲೆಗಳು ಹೇಗಿವೆ ಎಂಬುದೇ ಮುಖ್ಯ. ಉತ್ತಮ ಕವರಿನ ಮೂಲೆಗಳು ಉಳಿದ ಭಾಗಕ್ಕಿಂತ ದಪ್ಪವಾಗಿರುತ್ತವೆ, ಅಥವಾ ಅವುಗಳ ಒಳಗೆ ಗಾಳಿಯ ಸಣ್ಣ ಪೊಳ್ಳು ಇರುತ್ತದೆ.

ಕವರಿಗೆ ಬಳಸುವ ವಸ್ತುಗಳು

ಮಾರುಕಟ್ಟೆಯಲ್ಲಿ ದೊರೆಯುವ ಕವರ್‌ಗಳನ್ನು ಮುಖ್ಯವಾಗಿ ನಾಲ್ಕು ವಿಧವಾಗಿ ವಿಂಗಡಿಸಬಹುದು.

ಮೊದಲನೆಯದು ಟಿಪಿಯು, ಎಂದರೆ ಥರ್ಮೋಪ್ಲಾಸ್ಟಿಕ್ ಪಾಲಿಯುರೆಥೇನ್. ರಬ್ಬರಿನಂತೆ ಬಾಗಿ ಮತ್ತೆ ಮೊದಲಿನ ಆಕಾರಕ್ಕೆ ಬರುವ ಈ ವಸ್ತು ಹೊಡೆತವನ್ನು ಚೆನ್ನಾಗಿ ಹೀರುತ್ತದೆ; ಎಣ್ಣೆ, ಗ್ರೀಸುಗಳನ್ನೂ ತಡೆದುಕೊಳ್ಳುತ್ತದೆ. ಪಾರದರ್ಶಕ ಟಿಪಿಯು ಬಿಸಿಲು ಮತ್ತು ಶಾಖದಿಂದ ಕಾಲಕ್ರಮೇಣ ಹಳದಿಯಾಗುವುದು ಇದರ ದೋಷ. ಅದು ಕೊಳೆಯಲ್ಲ, ವಸ್ತುವಿನಲ್ಲಿಯೇ ಆಗುವ ಬದಲಾವಣೆ, ತೊಳೆದರೆ ಹೋಗುವುದಿಲ್ಲ.

ಎರಡನೆಯದು ಪಾಲಿಕಾರ್ಬೊನೇಟ್. ಇದು ಗಟ್ಟಿ ಪ್ಲಾಸ್ಟಿಕ್. ಚೂಪಾದ ವಸ್ತು ತಾಗಿದರೆ ಫೋನನ್ನು ಕಾಪಾಡುತ್ತದೆ. ಆದರೆ ಅಮುಕುವ ಗುಣ ಕಡಿಮೆಯಾದ್ದರಿಂದ ಬಿದ್ದ ಹೊಡೆತವನ್ನು ಬಹುಮಟ್ಟಿಗೆ ಫೋನಿಗೇ ದಾಟಿಸುತ್ತದೆ. ಥಿನ್ನರ್, ಅಸಿಟೋನ್‌ಗಳು ತಾಗಿದರೆ ಹಾಳಾಗುತ್ತದೆ. ನನ್ನ ಫೋನಿಗೆ ಇದ್ದದ್ದು ಈ ಜಾತಿಯ ತೆಳುವಾದ ಕವರ್.

ಮೂರನೆಯದು ಸಿಲಿಕೋನ್. ಕೈಯಿಂದ ಜಾರದಿರುವುದು ಇದರ ದೊಡ್ಡ ಗುಣ. ಆದರೆ ಧೂಳು, ಹತ್ತಿಯ ಎಳೆ, ಹಿಟ್ಟು ಎಲ್ಲವೂ ಅಂಟಿಕೊಳ್ಳುತ್ತವೆ. ಪೆಟ್ರೋಲಿಯಂ ತೈಲಗಳ ಸಂಪರ್ಕದಲ್ಲಿ ಉಬ್ಬಿ ಸಡಿಲವಾಗುತ್ತದೆ.

ನಾಲ್ಕನೆಯದು ಚರ್ಮದ ಅಥವಾ ಕೃತಕ ಚರ್ಮದ ಫ್ಲಿಪ್ ಕವರ್. ಮುಚ್ಚಿದಾಗ ಪರದೆಗೂ ರಕ್ಷಣೆ ದೊರೆಯುವುದು ಇದರ ಅನುಕೂಲ. ಆದರೆ ಅಂಗಡಿಯಲ್ಲಿ ನಿಮಿಷಕ್ಕೊಮ್ಮೆ ತೆರೆದು ಮುಚ್ಚುವವರಿಗೆ ತೊಡಕು. ತೆರೆದಾಗಲೇ ಕೈಜಾರುವ ಸಂಭವವೂ ಹೆಚ್ಚು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಅಪ್ಪಟ ಚರ್ಮಕ್ಕೆ ಬೂಸ್ಟು ಹಿಡಿಯುತ್ತದೆ ಎಂಬುದನ್ನೂ ನೆನಪಿಡಬೇಕು.

ಸಾಮಾನ್ಯ ವ್ಯಾಪಾರಿಗೆ ಒಳಗೆ ಅಥವಾ ಅಂಚಿನಲ್ಲಿ ಟಿಪಿಯು, ಬೆನ್ನಿಗೆ ಪಾಲಿಕಾರ್ಬೊನೇಟ್ ಎರಡೂ ಕೂಡಿದ ಕವರ್ ಹೆಚ್ಚು ಉಪಯುಕ್ತ. ಮೆದು ವಸ್ತು ಹೊಡೆತವನ್ನು ಹೀರುತ್ತದೆ, ಗಟ್ಟಿ ವಸ್ತು ಅದನ್ನು ಹರಡುತ್ತದೆ.

‘ಮಿಲಿಟರಿ ದರ್ಜೆ’ ಎಂಬ ಬರಹ

ಅನೇಕ ಕವರ್‌ಗಳ ಡಬ್ಬಿಯ ಮೇಲೆ ‘ಮಿಲಿಟರಿ ದರ್ಜೆ’ ಎಂದು ಅಚ್ಚಾಗಿರುತ್ತದೆ. ಇದರ ಮೂಲ ಅಮೆರಿಕದ ರಕ್ಷಣಾ ಇಲಾಖೆಯ ಎಂಐಎಲ್-ಎಸ್‌ಟಿಡಿ-810 ಎಂಬ ಪರೀಕ್ಷಾ ಮಾನಕ. 1962ರಲ್ಲಿ ಮೊದಲು ಪ್ರಕಟವಾದ ಈ ಮಾನಕದ ‘ಜಿ’ ಆವೃತ್ತಿ 2008ರಲ್ಲಿ, ‘ಎಚ್’ ಆವೃತ್ತಿ 2019ರಲ್ಲಿ ಹೊರಬಂದವು. ಕವರ್ ತಯಾರಕರು ಸಾಮಾನ್ಯವಾಗಿ ಉಲ್ಲೇಖಿಸುವುದು ಇದರಲ್ಲಿನ ಬೀಳಿಕೆಯ ಪರೀಕ್ಷೆಯನ್ನು. ಅದರಂತೆ ವಸ್ತುವನ್ನು 122 ಸೆಂಟಿಮೀಟರ್ ಎತ್ತರದಿಂದ 26 ಬಾರಿ ಬೀಳಿಸಬೇಕು. ಇಪ್ಪತ್ತಾರು ಏಕೆಂದರೆ ಪೆಟ್ಟಿಗೆಯ ಆಕಾರದ ವಸ್ತುವಿಗೆ 6 ಮುಖ, 12 ಅಂಚು, 8 ಮೂಲೆ.

ಇಲ್ಲಿ ಮೂರು ವಿಷಯಗಳನ್ನು ತಿಳಿದಿರುವುದು ಒಳ್ಳೆಯದು. ಒಂದು, ‘ಜಿ’ ಆವೃತ್ತಿಯಲ್ಲಿ ವಸ್ತುವನ್ನು ಬೀಳಿಸುವುದು ಕಾಂಕ್ರೀಟಿನ ಮೇಲೆ ಹಾಸಿದ ಎರಡು ಅಂಗುಲ ದಪ್ಪದ ಪ್ಲೈವುಡ್ಡಿನ ಮೇಲೆ; ನಮ್ಮ ಅಂಗಡಿಗಳ ಗ್ರಾನೈಟು, ಶಹಾಬಾದ್ ಕಲ್ಲುಗಳ ಮೇಲಲ್ಲ. ಎರಡು, 26 ಬೀಳಿಕೆಗಳನ್ನು ಐದು ಮಾದರಿಗಳವರೆಗೆ ಹಂಚಲು ಅವಕಾಶವಿದೆ. ಒಂದೇ ಫೋನ್ ಎಲ್ಲವನ್ನೂ ತಾಳಬೇಕೆಂದಿಲ್ಲ. ಮೂರು, ಆ ಇಲಾಖೆ ಯಾವ ಕವರಿಗೂ ಪ್ರಮಾಣಪತ್ರ ನೀಡುವುದಿಲ್ಲ. ಪರೀಕ್ಷೆ ಮಾಡಿದ್ದೇವೆ ಎನ್ನುವವರು ತಯಾರಕರೇ. ಆದ್ದರಿಂದ ಮಾನಕದ ಸಂಖ್ಯೆ, ಎತ್ತರ, ಪರೀಕ್ಷೆ ನಡೆಸಿದ ಪ್ರಯೋಗಾಲಯ ಇವುಗಳನ್ನು ನಮೂದಿಸಿದ ಕವರನ್ನು ಸ್ವಲ್ಪ ಮಟ್ಟಿಗೆ ನಂಬಬಹುದು. ಬರಿಯ ‘ಮಿಲಿಟರಿ’ ಎಂಬ ಪದಕ್ಕೆ ಹೆಚ್ಚುವರಿ ಬೆಲೆ ತೆರಬೇಕಾಗಿಲ್ಲ.

ನೀರು, ಧೂಳು ಮತ್ತು ಶಾಖ

ಫೋನಿನ ವಿವರಗಳಲ್ಲಿ ಐಪಿ67, ಐಪಿ68 ಎಂಬ ಸಂಕೇತಗಳನ್ನು ಕಾಣುತ್ತೇವೆ. ಇವು ಐಇಸಿ 60529 ಎಂಬ ಅಂತರರಾಷ್ಟ್ರೀಯ ಮಾನಕದವು. ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ ಸಂಬಂಧಿಸಿದ್ದು. 6 ಎಂದರೆ ಧೂಳು ಒಳಸೇರದು. 7 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿದರೂ ಹಾನಿಯಾಗದು. 8 ಎಂದರೆ ಅದಕ್ಕಿಂತ ಕಠಿಣವಾದ, ತಯಾರಕರೇ ಸೂಚಿಸಿದ ಪರೀಕ್ಷೆ. ಈ ಪರೀಕ್ಷೆ ನಡೆಯುವುದು ಹೊಸ ಫೋನಿಗೆ, ಶುದ್ಧ ನೀರಿನಲ್ಲಿ. ಬಳಸಿದಂತೆ ಫೋನಿನ ಒಳಗಿನ ಅಂಟು, ರಬ್ಬರುಗಳು ಸಡಿಲಗೊಳ್ಳುತ್ತವೆ. ಸಾಮಾನ್ಯ ಬ್ಯಾಕ್ ಕವರಿನಲ್ಲಿ ಚಾರ್ಜರಿಗೆ, ಸ್ಪೀಕರಿಗೆ, ಕ್ಯಾಮೆರಾಕ್ಕೆ ಕಿಂಡಿಗಳಿರುವುದರಿಂದ ಅದು ನೀರನ್ನು ತಡೆಯುವುದಿಲ್ಲ; ಬದಲಿಗೆ ಒಳಹೋದ ನೀರನ್ನು ಅಂಚಿನಲ್ಲಿ ಹಿಡಿದಿಡುತ್ತದೆ. ಮಳೆಯಲ್ಲಿ ನೆನೆದು ಬಂದವರು ಮೊದಲು ಕವರ್ ತೆಗೆದು ಎರಡನ್ನೂ ಒರೆಸಬೇಕು.

ಶಾಖದ ವಿಷಯವನ್ನು ಬಹಳ ಮಂದಿ ಕಡೆಗಣಿಸುತ್ತಾರೆ. ದಪ್ಪ ಕವರ್ ಫೋನಿಗೆ ಕಂಬಳಿ ಹೊದಿಸಿದಂತೆ. ಆಪಲ್ ಸಂಸ್ಥೆಯು ತನ್ನ ಫೋನುಗಳನ್ನು 0ಯಿಂದ 35 ಡಿಗ್ರಿ ಸೆಲ್ಸಿಯಸ್ ವಾತಾವರಣದಲ್ಲಿ ಬಳಸಬೇಕೆಂದು ಸೂಚಿಸುತ್ತದೆ. ರಾಯಚೂರು, ಕಲಬುರಗಿಗಳ ಬೇಸಿಗೆ 40 ಡಿಗ್ರಿ ದಾಟುತ್ತದೆ. ಲಿಥಿಯಂ-ಅಯಾನ್ ಬ್ಯಾಟರಿಯ ಆಯುಷ್ಯ ಶಾಖದಿಂದ ಬೇಗ ಕುಗ್ಗುತ್ತದೆ. ಚಾರ್ಜ್ ಮಾಡುವಾಗ ಫೋನ್ ಬಿಸಿಯಾಗುತ್ತಿದ್ದರೆ ಕವರ್ ತೆಗೆಯುವುದು ಉತ್ತಮ. ಬ್ಯಾಟರಿ ಉಬ್ಬಿ ಫೋನಿನ ಬೆನ್ನು ಎದ್ದಂತೆ ಕಂಡರೆ ಬಿಗಿ ಕವರ್ ಹಾಕಿ ಒತ್ತಿ ಕೂರಿಸುವ ಪ್ರಯತ್ನ ಖಂಡಿತ ಕೂಡದು. ಕೂಡಲೇ ಬಳಕೆ ನಿಲ್ಲಿಸಿ ದುರಸ್ತಿ ಕೇಂದ್ರಕ್ಕೆ ಒಯ್ಯಬೇಕು.

ಉದ್ಯೋಗಕ್ಕೆ ತಕ್ಕ ಕವರ್

ಎಲ್ಲರಿಗೂ ಒಂದೇ ಕವರ್ ಒಗ್ಗದು. ಹಿಟ್ಟಿನ ಗಿರಣಿ, ಧಾನ್ಯದ ಮಂಡಿ, ಹತ್ತಿ ಮತ್ತು ಬಟ್ಟೆಯ ವ್ಯಾಪಾರದವರು ಸಿಲಿಕೋನ್ ಬಿಟ್ಟು ನುಣುಪಾದ ಟಿಪಿಯು ಬಳಸಲಿ. ಚಾರ್ಜರ್ ಕಿಂಡಿಗೆ ಮುಚ್ಚಳವಿದ್ದರೆ ಇನ್ನೂ ಒಳ್ಳೆಯದು. ಗ್ಯಾರೇಜು ಹಾಗೂ ತೈಲ ವ್ಯಾಪಾರದವರಿಗೂ ಟಿಪಿಯು ಯೋಗ್ಯ. ಬಣ್ಣದ ಅಂಗಡಿಯವರು, ಥಿನ್ನರ್ ಮುಟ್ಟುವ ಕೈಯವರು ಪಾಲಿಕಾರ್ಬೊನೇಟಿನಿಂದ ದೂರವಿರಲಿ. ಹೋಟೆಲು, ಬೇಕರಿಗಳ ಒಲೆಯ ಬಳಿ ಕೆಲಸ ಮಾಡುವವರು ದಪ್ಪ ಕವರಿಗಿಂತ ಫೋನನ್ನು ತಂಪಾದ ಜಾಗದಲ್ಲಿಡುವ ಅಭ್ಯಾಸಕ್ಕೆ ಹೆಚ್ಚು ಗಮನ ಕೊಡಲಿ.

ಲೇತು, ಮಿಲ್ಲಿಂಗ್, ಗ್ರೈಂಡಿಂಗ್ ಕಾರ್ಖಾನೆಗಳವರಿಗೆ ಒಂದು ವಿಶೇಷ ಎಚ್ಚರಿಕೆ. ಈಗ ಅಯಸ್ಕಾಂತವಿರುವ ಕವರ್‌ಗಳು ಬಹಳ ಬಳಕೆಯಲ್ಲಿವೆ. ಕಬ್ಬಿಣದ ಸಣ್ಣ ತುರಿಗಳು ಇವುಗಳಿಗೆ ಅಂಟಿಕೊಂಡು ಫೋನಿನ ಬೆನ್ನನ್ನು ಗೀರುತ್ತವೆ, ಕಿಂಡಿಗಳಿಗೂ ಸೇರುತ್ತವೆ. ಲೋಹದ ತಗಡಿರುವ ಕವರ್ ನಿಸ್ತಂತು ಚಾರ್ಜಿಂಗಿಗೆ ಅಡ್ಡಿಯಾಗುತ್ತದೆ, ಬಿಸಿಯೂ ಆಗುತ್ತದೆ. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು ಅಯಸ್ಕಾಂತದ ಕವರನ್ನು ಎದೆಯ ಜೇಬಿನಲ್ಲಿ ಇಟ್ಟುಕೊಳ್ಳಲೇಬಾರದು.

ಕೊಳ್ಳುವಾಗ ಮಾಡಬೇಕಾದ ಪರೀಕ್ಷೆಗಳು

ಅಂಗಡಿಯಲ್ಲಿ ನಿಂತೇ ಐದು ನಿಮಿಷದಲ್ಲಿ ಮಾಡಬಹುದಾದ ಕೆಲವು ಪರೀಕ್ಷೆಗಳಿವೆ.

1. ಫೋನಿನ ನಿಖರವಾದ ಮಾದರಿಯ ಹೆಸರನ್ನು ‘ಸೆಟಿಂಗ್ಸ್’ನಲ್ಲಿ ನೋಡಿ ಬರೆದುಕೊಂಡು ಹೋಗಿ. ‘ಇದೂ ಆಗುತ್ತದೆ’ ಎಂದು ಕೊಟ್ಟ ಕವರಿನಲ್ಲಿ ಕ್ಯಾಮೆರಾದ ಅಥವಾ ಮೈಕಿನ ಕಿಂಡಿ ತಪ್ಪಿರುವುದು ಸಾಮಾನ್ಯ.

2. ಕವರ್ ಹಾಕಿದ ಫೋನನ್ನು ಗಾಜಿನ ಕೌಂಟರಿನ ಮೇಲೆ ಮುಖ ಕೆಳಗಾಗಿ ಇಟ್ಟು, ಪರದೆಯಡಿ ಒಂದು ವಿಸಿಟಿಂಗ್ ಕಾರ್ಡ್ ತೂರಿಸಿ. ಸಲೀಸಾಗಿ ಹೋದರೆ ಅಂಚು ಪರದೆಗಿಂತ ಎತ್ತರವಾಗಿದೆ ಎಂದರ್ಥ. ಟೆಂಪರ್ಡ್ ಗ್ಲಾಸ್ ಅಂಟಿಸಿದ ಮೇಲೆಯೇ ಈ ಪರೀಕ್ಷೆ ಮಾಡಬೇಕು. ಹಿಂಬದಿಯ ಕ್ಯಾಮೆರಾಕ್ಕೂ ಇದೇ ಕ್ರಮ.

3. ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ. ಸ್ವಲ್ಪ ಅಮುಕಿ ಮರಳಬೇಕು. ಕಲ್ಲಿನಂತಿದ್ದರೂ, ಒತ್ತಿದ ಗುರುತು ಉಳಿದರೂ ಬೇಡ.

4. ಗುಂಡಿಗಳನ್ನು ಒತ್ತಿ ನೋಡಿ, ಚಾರ್ಜರ್ ಸಿಕ್ಕಿಸಿ ನೋಡಿ, ಒಂದು ಕರೆ ಮಾಡಿ ಧ್ವನಿ ಸ್ಪಷ್ಟವಿದೆಯೇ ಕೇಳಿ, ಒಂದು ಕ್ಯೂಆರ್ ಸಂಕೇತವನ್ನು ಸ್ಕ್ಯಾನ್ ಮಾಡಿ.

5. ಫೋನನ್ನು ಅಂಗೈಯಲ್ಲಿ ಓರೆಯಾಗಿ ಹಿಡಿದು ಜಾರುತ್ತದೆಯೇ ಗಮನಿಸಿ. ಬೀಳದಿರುವ ಫೋನಿಗಿಂತ ಸುರಕ್ಷಿತವಾದ ಫೋನಿಲ್ಲ.

ಇವುಗಳ ಜೊತೆಗೆ ಬಿಲ್ ಕೇಳಿ ಪಡೆಯಿರಿ. ವ್ಯಾಪಾರಿಗಳಾದ ನಾವೇ ಬಿಲ್ಲಿಲ್ಲದೆ ಕೊಂಡರೆ ಗಿರಾಕಿಗೆ ಬುದ್ಧಿ ಹೇಳುವ ಅಧಿಕಾರ ನಮಗೆಲ್ಲಿ?

ಸಣ್ಣ ತಯಾರಕರಿಗೆ ಒಂದು ಮಾತು

ಕವರ್ ತಯಾರಿಕೆ ಮೂಲತಃ ಇಂಜೆಕ್ಷನ್ ಮೌಲ್ಡಿಂಗ್ ಕೆಲಸ. ಯಂತ್ರಕ್ಕಿಂತ ಅಚ್ಚಿಗೇ ಇಲ್ಲಿ ಮಹತ್ವ. ಪ್ರತಿ ಫೋನ್ ಮಾದರಿಗೂ ಹೊಸ ಅಚ್ಚು ಬೇಕಾಗುವುದರಿಂದ, ಮಾದರಿ ಮಾರುಕಟ್ಟೆಯಿಂದ ಹೋದೊಡನೆ ಅಚ್ಚೂ ಮಾಲೂ ಮೂಲೆಗೆ ಬೀಳುವ ಅಪಾಯವಿದೆ. ಆದ್ದರಿಂದ ಹತ್ತಾರು ಮಾದರಿಗಳ ಬೆನ್ನು ಹತ್ತುವುದಕ್ಕಿಂತ, ಮಾರಾಟ ಹೆಚ್ಚಿರುವ ಕೆಲವೇ ಮಾದರಿಗಳನ್ನು ಆರಿಸಿಕೊಂಡು ಕಾರ್ಖಾನೆಯ ಕಾರ್ಮಿಕರು, ಮಂಡಿಯ ಹಮಾಲರು, ಸರಕು ತಲುಪಿಸುವ ಹುಡುಗರು ಮುಂತಾದ ನಿರ್ದಿಷ್ಟ ಬಳಕೆದಾರರಿಗೆ ಗಟ್ಟಿ ಕವರ್ ತಯಾರಿಸುವುದು ವಿವೇಕ. ಕೋಲಾರದ ನರಸಾಪುರದಲ್ಲಿ, ದೇವನಹಳ್ಳಿಯ ಬಳಿ ಫೋನುಗಳೇ ತಯಾರಾಗುತ್ತಿರುವಾಗ ಅವುಗಳ ಕವರ್ ದೂರದೇಶದಿಂದಲೇ ಬರಬೇಕೆಂಬ ನಿಯಮವೇನೂ ಇಲ್ಲ. ಕಲ್ಲು ನೆಲದ ಮೇಲೆ ಬೀಳಿಸಿ ಪರೀಕ್ಷಿಸಿದ್ದೇವೆ ಎಂದು ಪ್ರಾಮಾಣಿಕವಾಗಿ ಡಬ್ಬಿಯ ಮೇಲೆ ನಮೂದಿಸಿದರೆ, ನಮ್ಮ ಗಿರಾಕಿಗೆ ಅದು ಅಮೆರಿಕದ ಪ್ಲೈವುಡ್ಡಿಗಿಂತ ಹೆಚ್ಚು ಅರ್ಥವಾಗುವ ಭರವಸೆ.

ಉಪಸಂಹಾರ

ಕವರ್ ಎಷ್ಟೇ ಉತ್ತಮವಾಗಿದ್ದರೂ ಅದು ಹಾನಿಯ ಸಂಭವವನ್ನು ಕಡಿಮೆ ಮಾಡುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ. ಸಂಪರ್ಕ ಸಂಖ್ಯೆಗಳು ಮತ್ತು ವ್ಯವಹಾರದ ದಾಖಲೆಗಳ ಇನ್ನೊಂದು ಪ್ರತಿ ಬೇರೆ ಕಡೆ ಇರಲಿ. ವ್ಯವಹಾರದ ಇ-ಮೇಲನ್ನು ಅಂಗಡಿಯ ಕಂಪ್ಯೂಟರಿನಲ್ಲಿಯೂ ತೆರೆದಿಡಿ. ಸಿಮ್ ಹಾಕಿ ಬಳಸಲು ಒಂದು ಹಳೆಯ ಫೋನ್ ಮೇಜಿನ ಸೆಳೆಖಾನೆಯಲ್ಲಿರಲಿ. ವರ್ಷಕ್ಕೊಮ್ಮೆಯಾದರೂ ಕವರಿನ ಮೂಲೆ ಸವೆದಿದೆಯೇ, ಸಡಿಲವಾಗಿದೆಯೇ ನೋಡಿ ಬದಲಾಯಿಸಿ. ಪರದೆ ಬದಲಿಸುವ ವೆಚ್ಚದ ಮುಂದೆ ಕವರಿನ ಬೆಲೆ ಅಲ್ಪ; ಕೈತಪ್ಪಿದ ಗಿರಾಕಿಯ ಮುಂದೆ ಪರದೆಯ ವೆಚ್ಚವೂ ಅಲ್ಪವೇ. ಈ ಲೆಕ್ಕವನ್ನು ನಾನು ತಡವಾಗಿ ಕಲಿತೆ. ಸದಸ್ಯ ಬಾಂಧವರು ನಷ್ಟವಿಲ್ಲದೆ ಕಲಿಯಲಿ ಎಂಬುದೇ ಈ ಲೇಖನದ ಉದ್ದೇಶ.