ಗ್ಯಾರೇಜಿನಲ್ಲಿ ಕಟ್ಟಿದ ವಿಮಾನಕ್ಕೊಂದು ದಿಕ್ಸೂಚಿ

ವಿಮಾನದ ಕಾಂತೀಯ ದಿಕ್ಸೂಚಿ ಗಾಜಿನ ಕಿಟಕಿಯುಳ್ಳ ಒಂದು ಪುಟ್ಟ ಡಬ್ಬಿ. ಅದರ ತುಂಬ ಸೀಮೆಎಣ್ಣೆಯಂಥ ತಿಳಿ ದ್ರವ. ಒಳಗೆ ಚೂಪು ಮೊನೆಯ ಮೇಲೆ ನಿಂತು ತಿರುಗುವ ಬಿಲ್ಲೆಗೆ ಆಯಸ್ಕಾಂತ ಜೋಡಿಸಿ, ಅಂಚಿನಲ್ಲಿ ಡಿಗ್ರಿಗಳನ್ನು ಬರೆದಿರುತ್ತಾರೆ. ಬಿಲ್ಲೆಯ ಓಲಾಟವನ್ನು ದ್ರವ ಹತೋಟಿಯಲ್ಲಿಡುತ್ತದೆ. ಗಾಜಿನ ಮೇಲಿನ ಗೆರೆಗೆ ನೇರವಾಗಿ ನಿಂತ ಅಂಕಿಯೇ ವಿಮಾನದ ಮೂತಿ ನೋಡುತ್ತಿರುವ ದಿಕ್ಕು. ಇದಕ್ಕೆ ವಿದ್ಯುತ್ ಬೇಕಿಲ್ಲ.

ಅಮೆರಿಕದಲ್ಲಿ ವಿಮಾನವನ್ನು ಮನೆಯಲ್ಲೇ ಕಟ್ಟಿಕೊಳ್ಳುವವರು ಬಹಳ. 1953ರಲ್ಲಿ ಪಾಲ್ ಪೊಬೆರೆಜ್ನಿ ವಿಸ್ಕಾನ್ಸಿನ್‌ನಲ್ಲಿ ಸ್ಥಾಪಿಸಿದ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಇಂಥವರ ಸಂಘ. ಒರೆಗಾನ್‌ನ ರಿಚರ್ಡ್ ವಾನ್‌ಗ್ರನ್ಸ್‌ವೆನ್ ರೂಪಿಸಿದ ಆರ್‌ವಿ ಕಿಟ್‌ಗಳು ಅವರಲ್ಲಿ ಹೆಸರುವಾಸಿ. ಕಾರ್ಖಾನೆಯ ವಿಮಾನದಲ್ಲಿ ದಿಕ್ಸೂಚಿಯ ಜಾಗ ಮೊದಲೇ ಗೊತ್ತಾಗಿರುತ್ತದೆ. ಇಲ್ಲಿ ಅದನ್ನು ಕಟ್ಟುವವರೇ ಹುಡುಕಬೇಕು.

ಹುಡುಕಾಟ ಸುಲಭವಲ್ಲ. ಉಕ್ಕಿನ ಕೊಳವೆ, ರೇಡಿಯೊ, ಸ್ಪೀಕರ್, ವಿದ್ಯುತ್ ತಂತಿ ಎಲ್ಲವೂ ಬಿಲ್ಲೆಯ ದಿಕ್ಕು ತಪ್ಪಿಸುತ್ತವೆ. ತೂತು ಕೊರೆಯುವ ಮೊದಲು ದಿಕ್ಸೂಚಿಯನ್ನು ಉದ್ದೇಶಿಸಿದ ಜಾಗದಲ್ಲಿ ಹಿಡಿದು, ಸ್ವಿಚ್ಚುಗಳನ್ನು ಒಂದೊಂದಾಗಿ ಹಾಕಿ ನೋಡುವುದು ಜಾಣತನ. ಸ್ಕ್ರೂಗಳು ಹಿತ್ತಾಳೆಯವಾಗಿರಬೇಕು. ದಿಕ್ಸೂಚಿಯ ದೀಪಕ್ಕೆ ಹೋಗುವ ಮತ್ತು ಬರುವ ತಂತಿಗಳನ್ನು ಒಂದಕ್ಕೊಂದು ಹೊಸೆದರೆ ಅವುಗಳ ಕಾಂತ ಪ್ರಭಾವ ಪರಸ್ಪರ ಅಳಿಯುತ್ತದೆ.

ಜಾಗದ ಈ ಕಷ್ಟ ಚಾರ್ಲ್ಸ್ ಲಿಂಡ್‌ಬರ್ಗ್‌ಗೂ ಎದುರಾಗಿತ್ತು. 1927ರ ಮೇ ತಿಂಗಳಲ್ಲಿ ಆತ ನ್ಯೂಯಾರ್ಕ್‌ನಿಂದ ಪ್ಯಾರಿಸ್‌ಗೆ ಒಬ್ಬಂಟಿಯಾಗಿ 33 ಗಂಟೆಗೂ ಹೆಚ್ಚು ಕಾಲ ಹಾರಿದ ವಿಮಾನದಲ್ಲಿ ದಿಕ್ಸೂಚಿ ತಲೆಯ ಮೇಲ್ಭಾಗದಲ್ಲಿತ್ತು. ಅದನ್ನು ಓದಲು ಕನ್ನಡಿ ಬೇಕಾಯಿತು. ನೋಡಲು ನೆರೆದಿದ್ದ ಯುವತಿಯೊಬ್ಬಳು ತನ್ನ ಪೌಡರ್ ಡಬ್ಬಿಯ ಕನ್ನಡಿ ಕೊಟ್ಟಳು. ಅದನ್ನು ಚ್ಯೂಯಿಂಗ್ ಗಮ್‌ನಿಂದ ಪ್ಯಾನೆಲ್ ಮೇಲೆ ಅಂಟಿಸಲಾಯಿತು. ಅಟ್ಲಾಂಟಿಕ್ ದಾಟಿದ ವಿಮಾನದಲ್ಲೂ ದಿಕ್ಸೂಚಿಗೆ ಜಾಗ ಮಾಡಿಕೊಟ್ಟದ್ದು ಇಂಥ ಕೈಗುಣವೇ.

ಕೂರಿಸಿದ ಮೇಲೆ ಉಳಿಯುವುದು ತಿದ್ದುವ ಕೆಲಸ, ಇಡೀ ಕಸುಬಿನ ಸೊಗಸು ಇಲ್ಲೇ ಇದೆ. ಕೆಲವು ವಿಮಾನ ನಿಲ್ದಾಣಗಳ ನೆಲದಲ್ಲಿ ಕಾಂತೀಯ ಉತ್ತರಕ್ಕೆ ಹೊಂದಿಸಿ ಬರೆದ ದಿಕ್ಕುಗಳ ದೊಡ್ಡ ವೃತ್ತವಿರುತ್ತದೆ. ಎಂಜಿನ್ ಓಡುತ್ತಿರುವಂತೆ, ಹಾರುವಾಗ ಬಳಸುವ ಉಪಕರಣಗಳೆಲ್ಲ ಚಾಲೂ ಇರುವಂತೆ, ವಿಮಾನವನ್ನು ಅದರ ಮೇಲೆ ನಿಲ್ಲಿಸುತ್ತಾರೆ. ಮೂತಿ ಉತ್ತರಕ್ಕಿರುವಾಗ ಡಬ್ಬಿಯ ಒಂದು ತಿರುಪನ್ನು ಕಾಂತಗುಣವಿಲ್ಲದ ಸ್ಕ್ರೂಡ್ರೈವರ್‌ನಿಂದ ತಿರುಗಿಸಿ ತಪ್ಪನ್ನು ಪೂರ್ತಿ ಕಳೆಯುತ್ತಾರೆ. ಪೂರ್ವಕ್ಕೆ ತಿರುಗಿಸಿ ಇನ್ನೊಂದು ತಿರುಪಿನಿಂದ ಹಾಗೆಯೇ ಮಾಡುತ್ತಾರೆ. ದಕ್ಷಿಣ, ಪಶ್ಚಿಮಗಳಲ್ಲಿ ಉಳಿದ ತಪ್ಪಿನ ಅರ್ಧವನ್ನಷ್ಟೇ ತೆಗೆಯುತ್ತಾರೆ. ಎದುರುಬದುರು ದಿಕ್ಕುಗಳು ತಪ್ಪನ್ನು ಸಮನಾಗಿ ಹಂಚಿಕೊಳ್ಳಲಿ ಎಂಬುದು ಇದರ ಲೆಕ್ಕ. ಬಳಿಕ ವಿಮಾನವನ್ನು 30 ಡಿಗ್ರಿಗೊಮ್ಮೆ ನಿಲ್ಲಿಸಿ, ಉಳಿದ ವ್ಯತ್ಯಾಸವನ್ನು ಚೀಟಿಯೊಂದರಲ್ಲಿ ಬರೆದು ದಿಕ್ಸೂಚಿಯ ಪಕ್ಕದಲ್ಲೇ ಸಿಕ್ಕಿಸುತ್ತಾರೆ. ಹೊಸ ರೇಡಿಯೊ ಬಂದರೆ ಆ ಚೀಟಿ ಮತ್ತೆ ಬರೆಯಬೇಕು.

ಇಷ್ಟಾದರೂ ವಿಮಾನ ತಿರುಗುವಾಗ, ವೇಗ ಹೆಚ್ಚಿಸುವಾಗ ಬಿಲ್ಲೆ ತಪ್ಪು ತೋರುತ್ತದೆ. ಧ್ರುವಗಳತ್ತ ಹೋದಂತೆ ಭೂಕಾಂತದ ಸೆಳೆತ ನೆಲದತ್ತ ಬಾಗುವುದೇ ಇದಕ್ಕೆ ಕಾರಣ. ಆ ಸೆಳೆತ ಬಾಗದಿರುವ ರೇಖೆಯಾದ ಕಾಂತೀಯ ಸಮಭಾಜಕ ಭಾರತದ ದಕ್ಷಿಣ ತುದಿಯ ಬಳಿ ಹಾಯುವುದರಿಂದ ಕರ್ನಾಟಕದ ಆಕಾಶದಲ್ಲಿ ಈ ತೊಂದರೆ ಅಮೆರಿಕದಲ್ಲಿರುವುದಕ್ಕಿಂತ ಬಹಳ ಕಡಿಮೆ.

ಹಗಲು ಮಾತ್ರ, ಕಣ್ಣಳತೆಯಲ್ಲಿ ಹಾರುವ ಹವ್ಯಾಸಿ ವಿಮಾನಕ್ಕೆ ಅಮೆರಿಕದ ನಿಯಮ ದಿಕ್ಸೂಚಿಯನ್ನು ಕಡ್ಡಾಯ ಮಾಡಿಲ್ಲ. ಡಿಜಿಟಲ್ ಪರದೆಗಳು ಬಂದ ಮೇಲೆ ಅದನ್ನು ಕೈಬಿಡುವವರೂ ಇದ್ದಾರೆ. ಆದರೆ ಜಿಪಿಎಸ್ ಹೇಳುವುದು ವಿಮಾನ ಸಾಗುತ್ತಿರುವ ದಾರಿಯನ್ನು, ಮೂತಿಯ ದಿಕ್ಕನ್ನಲ್ಲ. ವಿದ್ಯುತ್ ಹೋದರೆ ಪರದೆಯೂ ಆರುತ್ತದೆ. ವಿಮಾನ ಕಟ್ಟುವವರು ಈ ಪುಟ್ಟ ಡಬ್ಬಿಗೆ ಅಂಗೈಯಗಲ ಜಾಗ ಉಳಿಸಿಕೊಳ್ಳಲೇಬೇಕು.